ಕಡೆಗೂ ನೊಣದ ಹಿಂಭಾಗ ಫೋಕಸ್‌ಗೆ ಬಂತು

ಸಿಮ್ಯುಲನ್ಸ್ ಸಿಕ್ಕಿತು! ಊಹೆಯಲ್ಲ, "ಇರಬಹುದೇನೋ" ಅಲ್ಲ, ಫೋಟೊ ಮುಂದಿಟ್ಟು ವಾದ ಮಾಡಬಹುದಾದ ಡ್ರೊಸೊಫಿಲ ಸಿಮ್ಯುಲನ್ಸ್ ಗಂಡು. ಡ್ರೊಸೊಫಿಲ ಅಂದರೆ ಮಾಗಿದ ಹಣ್ಣಿನ ಸುತ್ತ ಹಾರುವ ಪುಟ್ಟ ಹಣ್ಣುನೊಣ; ಸಿಮ್ಯುಲನ್ಸ್ ಮತ್ತು ಮೆಲನೊಗ್ಯಾಸ್ಟರ್ ಅದರ ಎರಡು ತದ್ರೂಪಿ ಜಾತಿಗಳು. ನನ್ನ ಕಂಪ್ಯೂಟರಿನಲ್ಲಿ "ಮೆಲನೊಗ್ಯಾಸ್ಟರ್ ಅಥವಾ ಸಿಮ್ಯುಲನ್ಸ್, ದೇವರೇ ಬಲ್ಲ" ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಅದು ಈಗ ಕರಗೋಕೆ ಶುರುವಾಗಿದೆ.

ನೊಣ ಹಿಡಿಯೋಕೆ ಬೇಕಾದ ಬಾಳೆಹಣ್ಣು, ಈಸ್ಟ್, ಆಲಿಕೆ ಸಿಕ್ಕಿಸಿದ ಬಾಟಲಿ, ಆಸ್ಪಿರೇಟರ್ (ನೊಣವನ್ನು ಹೀರಿ ಹಿಡಿಯುವ ಕೊಳವೆ) ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಸುಲಭವಾಗಿ ಗುರುತು ಸಿಗುವ ಗಿರಾಕಿಗಳದ್ದೂ ಎರಡೇ ಮಾತು. ತಲೆಯಿಂದ ಬೆನ್ನಿನ ತನಕ ಬೆಳ್ಳಿ ಗೆರೆ ಇದ್ದರೆ ಜಾಪ್ರಿಯೋನಸ್, ಮೊಬೈಲ್ ಫೋಟೊ ಸಾಕು. ಹಳದಿ ಎದೆಯ ಮೇಲೆ ಕಪ್ಪು ಉದ್ದಗೆರೆಗಳಿದ್ದರೆ ಬಸ್ಕಿ. ಪ್ರತಿ ಕೂದಲ ಬುಡದಲ್ಲೂ ಕಪ್ಪು ಚುಕ್ಕೆ ಇದ್ದರೆ ರೆಪ್ಲೇಟಾ ಗುಂಪು. ರೆಕ್ಕೆ ತುದಿಯಲ್ಲಿ ಚುಕ್ಕೆ ಕಂಡ ಕೂಡಲೇ "ಸುಜುಕಿ!" ಅಂತ ಕುಣಿಯಬೇಡಿ, ಬಯಾರ್ಮಿಪಿಸ್ ಗಂಡಿಗೂ ಆ ಚುಕ್ಕೆ ಇದೆ. ಮೇಲಾಗಿ ಆಗಷ್ಟೇ ಕೋಶದಿಂದ ಹೊರಬಂದ ಸುಜುಕಿ ಗಂಡಿಗೆ ಚುಕ್ಕೆಯೇ ಇರುವುದಿಲ್ಲ. ಬೆನ್ನು ಗೂನಾಗಿದ್ದು, ಹಾರುವುದಕ್ಕಿಂತ ಜಾಸ್ತಿ ಓಡುತ್ತಿದ್ದರೆ ಅದು ಫೋರಿಡ್, ನಮ್ಮ ಪಂಗಡವೇ ಅಲ್ಲ. ಸ್ನೇಹಿತರು ಕಳಿಸುವ ಫೋಟೊಗಳಲ್ಲಿ ಇವೇ ಜಾಸ್ತಿ.

ಕಷ್ಟ ಇರುವುದು ಮಿಕ್ಕ ಆ ಕಂದು ಮೈ, ಕೆಂಪು ಕಣ್ಣಿನ ಜೋಡಿಯಲ್ಲಿ. ಮೆಲನೊಗ್ಯಾಸ್ಟರ್‌ಗೆ ಜರ್ಮನ್ ಕೀಟತಜ್ಞ ಮೈಗೆನ್ 1830ರಲ್ಲೇ ಹೆಸರಿಟ್ಟಿದ್ದರು. 1910ರಲ್ಲಿ ಅಮೆರಿಕದ ತಳಿವಿಜ್ಞಾನಿ ಮಾರ್ಗನ್ ಅವರ ಲ್ಯಾಬಿನಲ್ಲಿ ಬಿಳಿ ಕಣ್ಣಿನ ಗಂಡು ಸಿಕ್ಕಿ ಲೋಕಪ್ರಸಿದ್ಧವಾಯಿತು. ಹಗಲೂ ರಾತ್ರಿ ನೊಣ ಎಣಿಸುತ್ತಿದ್ದ ಅದೇ ತಂಡದ ಸ್ಟರ್ಟೆವಂಟ್ 1919ರಲ್ಲಿ "ಇದರೊಳಗೆ ಇನ್ನೊಂದು ಜಾತಿ ಇದೆ" ಅಂತ ಸಿಮ್ಯುಲನ್ಸ್ ಅನ್ನು ಬೇರೆ ಮಾಡಿದರು. ಅವರಿಗೇ ಅಷ್ಟು ಹೊತ್ತು ಹಿಡಿದಿದ್ದನ್ನು ಕಸದ ಡಬ್ಬಿ ಮೇಲೆ ಕೂತ ನೊಣದ ಮಸುಕು ಫೋಟೊ ನೋಡಿ ಹೇಳಿ ಅಂದರೆ ಹೇಗೆ ಸ್ವಾಮಿ?

ಎರಡರಲ್ಲೂ ಗಂಡಿನ ಹೊಟ್ಟೆ ತುದಿ ಕಪ್ಪು. ಎರಡರಲ್ಲೂ ಮುಂಗಾಲಿನಲ್ಲಿ ಒಂದೇ ಬಾಚಣಿಗೆ (ಗಂಡಿಗಷ್ಟೇ ಇರುವ ದಪ್ಪ ಕೂದಲ ಸಾಲು). ಕಣ್ಣಿನ ಕೆಳಗಿನ ಕೆನ್ನೆ ಮೆಲನೊಗ್ಯಾಸ್ಟರ್‌ನಲ್ಲಿ ಸ್ವಲ್ಪ ಅಗಲ ಅನ್ನುತ್ತಾರೆ, ನಿಜವೇ. ಆದರೆ ತಲೆ ಒಂಚೂರು ವಾಲಿದರೆ ಫೋಟೊದಲ್ಲಿ ಆ ಅಗಲಕ್ಕೆ ಅರ್ಥವಿಲ್ಲ. ಗಟ್ಟಿ ಗುರುತು ಒಂದೇ: ಗಂಡಿನ ಜನನಾಂಗದ ಕಮಾನಿನಿಂದ ಹಿಂದಕ್ಕೆ ಚಾಚುವ ಹಾಲೆ. ಮೆಲನೊಗ್ಯಾಸ್ಟರ್‌ನಲ್ಲಿ ಅದು ಸಣ್ಣ ಕೊಕ್ಕೆ. ಸಿಮ್ಯುಲನ್ಸ್‌ನಲ್ಲಿ ಅಗಲವಾದ, ದುಂಡು ಅಂಚಿನ ದೊಡ್ಡ ತಟ್ಟೆ. ಒಮ್ಮೆ ನೋಡಿದರೆ ಮರೆಯುವ ಹಾಗೇ ಇಲ್ಲ. ತೊಂದರೆ ಏನೆಂದರೆ, ಹಾಲೆ ಚಪ್ಪಟೆ. ನೇರ ಹಿಂದಿನಿಂದ ತೆಗೆದರೆ ಅದರ ಅಂಚು ಮಾತ್ರ ಕಾಣುತ್ತದೆ. ಪಕ್ಕದಿಂದ ತೆಗೆಯೋಣ ಅಂದರೆ ಮಡಚಿದ ರೆಕ್ಕೆ ಮೇಲಿಂದ ಮುಚ್ಚುತ್ತದೆ, ಹಿಂಗಾಲು ಅಡ್ಡ ಬರುತ್ತದೆ.

ಬೆನ್ನಿನ ಫೋಟೊ ಎಷ್ಟೇ ಚೆಂದ ಬರಲಿ, ಈ ಜೋಡಿಯ ಮಟ್ಟಿಗೆ ಅದು ದಂಡ. ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಬದುಕಿರುವ ನೊಣವನ್ನು ತಣ್ಣಗೆ ಮಾಡಿ ತೆಗೆಯುವುದು ಎಲ್ಲರೂ ಹಿಡಿಯುವ ದಾರಿ. 10ಎಕ್ಸ್ ಆಬ್ಜೆಕ್ಟಿವ್ (ಹತ್ತು ಪಟ್ಟು ಹಿಗ್ಗಿಸುವ ಮೈಕ್ರೊಸ್ಕೋಪ್ ಮಸೂರ), ಎನ್‌ಎ (ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) 0.25 ಅಂದರೆ ಫೋಕಸ್ ಸಿಗುವ ಆಳ ಸುಮಾರು 9 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂಬತ್ತು ಪಾಲು. ಹೊಟ್ಟೆ ತುದಿಯ 0.3 ಮಿಲಿಮೀಟರ್ ಆಳಕ್ಕೆ 7 ಮೈಕ್ರಾನ್ ಹೆಜ್ಜೆಯಲ್ಲಿ ಹೋದರೆ 40ಕ್ಕೂ ಹೆಚ್ಚು ಫ್ರೇಮ್, ಆಮೇಲೆ ಅವನ್ನೆಲ್ಲ ಒಂದೇ ಚಿತ್ರವಾಗಿ ಜೋಡಿಸಬೇಕು, ಅಂದರೆ ಸ್ಟ್ಯಾಕ್ ಮಾಡಬೇಕು. ಅಷ್ಟರಲ್ಲಿ ನೊಣಕ್ಕೆ ಎಚ್ಚರ. ಮೊದಲು ಒಂದು ಕಾಲು ಅಲ್ಲಾಡುತ್ತದೆ, ಆಮೇಲೆ ಮಹಾಶಯ ಎದ್ದು ಮುಖ ಒರೆಸಿಕೊಳ್ಳುತ್ತಾನೆ. ಸ್ಟ್ಯಾಕ್ ಮಾಡಿ ನೋಡಿದರೆ ಹಾಲೆ ಇರಬೇಕಾದ ಕಡೆ ಮೂರು ಕಾಲಿನ ಗಂಜಿ. ಸತ್ತ ನೊಣವನ್ನು ಬರೀ ಆಲ್ಕೋಹಾಲಿನಲ್ಲಿ ಇಟ್ಟರೆ ತೇಲಿಕೊಂಡು ತಿರುಗುತ್ತದೆ. ಒಣಗಿಸಿದರೆ ಹೊಟ್ಟೆ ಮುದುಡಿ, ಬೇಕಾದ್ದೇ ಒಳಗೆ ಸೇರಿಕೊಳ್ಳುತ್ತದೆ.

ದಾರಿ ಸಿಕ್ಕಿದ್ದು ಕೈ ತೊಳೆಯುವ ಸ್ಯಾನಿಟೈಸರ್ ಜೆಲ್‌ನಲ್ಲಿ. ಮ್ಯೂಸಿಯಂಗಳಲ್ಲಿ ಆಲ್ಕೋಹಾಲಿನ ಮಾದರಿಗಳನ್ನು ನಿಲ್ಲಿಸಿ ಫೋಟೊ ತೆಗೆಯೋಕೆ ಇದನ್ನು ಬಳಸುವುದುಂಟು. ಚಿಕ್ಕ ಗುಳಿಯಲ್ಲಿ ಜೆಲ್, ಅದರಲ್ಲಿ ನೊಣವನ್ನು ಪಕ್ಕಕ್ಕೆ ಮಲಗಿಸಿ. ಸೂಜಿಯಿಂದ ರೆಕ್ಕೆಯನ್ನು ಮೇಲಕ್ಕೆ, ಹಿಂಗಾಲನ್ನು ಮುಂದಕ್ಕೆ ತಳ್ಳಿ. ತಳ್ಳಿದ ಕಡೆಯೇ ನಿಲ್ಲುತ್ತದೆ! ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಕಮಾನು ಹೊರಗೆ ಇಣುಕುತ್ತದೆ. ಮೇಲೆ ತೆಳ್ಳಗೆ 70% ಆಲ್ಕೋಹಾಲ್, ಅದರ ಮೇಲೆ ಕವರ್ ಗ್ಲಾಸ್. ಗ್ಲಾಸ್ ಇಲ್ಲದಿದ್ದರೆ ಆಲ್ಕೋಹಾಲ್ ಆವಿಯಾಗಿ, ಸ್ಟ್ಯಾಕ್ ಅರ್ಧಕ್ಕೆ ಬರುವಾಗ ಚಿತ್ರ ಜರುಗಿರುತ್ತದೆ. 0.25 ಎನ್‌ಎಗೆ ಆ ಗಾಜಿನಿಂದ ಚಿತ್ರ ಕೆಡುವುದಿಲ್ಲ, ಹೆದರಬೇಡಿ. ನೊಣವನ್ನು ಮೊದಲೇ ಆಲ್ಕೋಹಾಲಿನಲ್ಲಿ ಚೆನ್ನಾಗಿ ನೆನೆಸಿ, ಇಲ್ಲವಾದರೆ ಕೂದಲ ಸಂದಿಯಲ್ಲಿ ಕೂತ ಗುಳ್ಳೆಗಳೇ ಫೋಟೊ ತುಂಬ ಮಿಂಚುತ್ತವೆ.

ಜೆಲ್ ಕೊಳ್ಳುವ ಗೋಳು ಬೇರೆ. ಲೇಬಲ್ ಮೇಲೆ "ಪಾರದರ್ಶಕ", ಒಳಗೆ ಹಸಿರು ಮಣಿ ಮತ್ತು ಮಿನುಗು ಪುಡಿ. ನೊಣ ಮದುವೆಗೆ ಹೊರಟ ಹಾಗಿತ್ತು. ಆಬ್ಜೆಕ್ಟಿವ್ ಅನ್ನು ಕ್ಯಾಮೆರಾಗೆ ಕೂರಿಸುವ ಅಡಾಪ್ಟರ್ ಮಾರುವವರು ಇನ್ನೂ ಒಂದು ಕೈ ಮೇಲೆ. ಕೇಳಿದ್ದು ಆರ್‌ಎಂಎಸ್ ಥ್ರೆಡ್ (ಆಬ್ಜೆಕ್ಟಿವ್‌ಗಳ ಮಾಮೂಲಿ ತಿರುಪಿನ ಅಳತೆ), ಡಬ್ಬಿ ಮೇಲೂ ಆರ್‌ಎಂಎಸ್, ಒಳಗಿದ್ದದ್ದು ಎಂ26, ಅಂದರೆ 26 ಮಿಲಿಮೀಟರಿನದ್ದು. 20.32 ಮಿಲಿಮೀಟರ್ ಆಬ್ಜೆಕ್ಟಿವ್ 26ರ ತೂತಿನಲ್ಲಿ ಸಲೀಸಾಗಿ ಹೋಯಿತು, ಆ ಕಡೆಯಿಂದ ಈಚೆಗೂ ಬಂತು. "ಗಟ್ಟಿಯಾಗಿ ತಿರುಗಿಸಿ ನೋಡಿ ಸರ್" ಅಂತ ಉತ್ತರ.

ಅಂದಹಾಗೆ, ಜೆಲ್‌ಗೆ ಹಾಕುವ ಮೊದಲು ಒಂದು ರೆಕ್ಕೆ ಕಿತ್ತಿಟ್ಟುಕೊಳ್ಳಿ. ನಾವೆಲ್ಲ ರೆಕ್ಕೆಗೆ ಬಿಳಿ ಹಿನ್ನೆಲೆ ಇಡುತ್ತೇವೆ, ಅಲ್ವಾ? ಕಪ್ಪು ಹಿನ್ನೆಲೆ ಇಟ್ಟು ನೋಡಿ. ಪಾರದರ್ಶಕ ರೆಕ್ಕೆಯಲ್ಲಿ ನೇರಳೆ, ಹಸಿರು, ಹಳದಿ ಪಟ್ಟೆಗಳು ಏಳುತ್ತವೆ. ತೆಳು ಪೊರೆಯಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವ ಈ ಬಣ್ಣದ ವಿನ್ಯಾಸ ಕೀಟ ಗುರುತಿಸೋಕೆ ಉಪಯೋಗಕ್ಕೆ ಬರುತ್ತದೆ ಅಂತ 2011ರಲ್ಲಿ ಒಂದು ಪ್ರಬಂಧ ತೋರಿಸಿತ್ತು. ಪೊರೆ ಎಲ್ಲಿ ಎಷ್ಟು ದಪ್ಪವೋ ಅದರಂತೆ ಬಣ್ಣ. ಆದರೆ ರೆಕ್ಕೆ ಒಣಗಿರಬೇಕು, ಜೆಲ್‌ನಲ್ಲಿ ಬಣ್ಣ ಮಾಯ. ಮುಂದಿನ ಯೋಜನೆ ಇದೇ, ಕಪ್ಪು ವೆಲ್ವೆಟ್ ಆಗಲೇ ಕತ್ತರಿಸಿಟ್ಟಿದ್ದೇನೆ. ವೆಲ್ವೆಟ್‌ನಿಂದ ಉದುರುವ ನೂಲಿನ ಬಗ್ಗೆ ಈಗಲೇ ಬೈಯುವುದಿಲ್ಲ.

ಉಳಿದದ್ದು ಹೆಣ್ಣುಗಳು. ಕಾಡಿನಿಂದ ಹಿಡಿದ ಹೆಣ್ಣಿನ ಫೋಟೊ ಇಟ್ಟುಕೊಂಡು ಈ ಎರಡರಲ್ಲಿ ಯಾವುದು ಅಂತ ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ಹೆಣ್ಣಿಗೆ ಹೆಸರು ಬರುವುದು ಗಂಡುಮಕ್ಕಳಿಂದ. ಹಿಡಿದ ಹೆಣ್ಣುಗಳು ಸಾಮಾನ್ಯವಾಗಿ ಮೊದಲೇ ಗಂಡಿನ ಜೊತೆ ಕೂಡಿ ಬಂದಿರುತ್ತವೆ. ಒಂದೊಂದನ್ನೇ ಬೇರೆ ಬೇರೆ ಸೀಸೆಗೆ ಬಿಟ್ಟು, 25 ಡಿಗ್ರಿಯಲ್ಲಿ ಹತ್ತು ದಿನ ಕಾದರೆ ಮರಿ ನೊಣ ಸಿದ್ಧ. ಹೊಸ ಗಂಡುಗಳು ಬಿಳಚಿಕೊಂಡು ಮೆತ್ತಗಿರುತ್ತವೆ, ಒಂದು ದಿನ ಗಟ್ಟಿಯಾಗಲು ಬಿಟ್ಟು ಆಮೇಲೆ ಜೆಲ್‌ಗೆ. ಸೀಸೆಯ ನಂಬರನ್ನು ಮಾತ್ರ ಪೆನ್ಸಿಲಿನಲ್ಲೇ ಬರೆಯಿರಿ. ಮಾರ್ಕರ್ ಶಾಯಿಯನ್ನು ಆಲ್ಕೋಹಾಲ್ ಒಂದೇ ತೊಟ್ಟಿಗೆ ಒರೆಸಿ ಹಾಕುತ್ತದೆ.