ಮೇ 25, 2025, ಭಾನುವಾರ: ಒಳಗೆ ತಂಪಾಗಿದ್ದು

ಇವತ್ತು ಚರ್ಚಲ್ಲಿ ಪಾದ್ರಿ ಅಯ್ಯನೋರು ಜಾನ್ ವೆಸ್ಲಿ ಕಥೆ ಹೇಳಿದ್ರು. ನಾವು ಮೆಥೋಡಿಸ್ಟ್‌ನೋರು, ವೆಸ್ಲಿ ಶುರು ಮಾಡಿದ ಕ್ರೈಸ್ತ ಪಂಗಡದೋರು, ಮೇ 24ರ ಆಸುಪಾಸು ಆ ಕಥೆ ಬಂದೇ ಬರುತ್ತೆ, ಸಂಡೇ ಸ್ಕೂಲಿಂದ ಕೇಳಿದ್ದೇ. 1738ರಲ್ಲಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದೀಲಿ ಒಂದು ಕೂಟಕ್ಕೆ ಮನಸ್ಸಿಲ್ಲದೇ ಹೋಗಿದ್ರು, ಅಲ್ಲಿ ಯಾರೋ ಬೈಬಲ್ಲಲ್ಲಿರೋ, ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿ ಓದ್ತಿದ್ರು, ಅದನ್ನ ಕೇಳ್ತಾ ಕೇಳ್ತಾ ಅವರ ಎದೆ ಬೆಚ್ಚಗಾಯ್ತು. ಇಷ್ಟು ವರ್ಷ ನನಗೆ ಆ ಬೆಚ್ಚಗಾಗಿದ್ದೊಂದೇ ನೆನಪಿತ್ತು, ಇವತ್ತು ಅದರ ಮುಂಚಿನದ್ದು ಹಿಡ್ಕೊಂಡ್ಬಿಡ್ತು. ಆಗಲೇ ಅವರು ಪಾದ್ರಿ ಆಗಿ ಹತ್ತು ವರ್ಷ. ಆಕ್ಸ್‌ಫರ್ಡಲ್ಲಿ ಬುಧವಾರ ಶುಕ್ರವಾರ ಉಪವಾಸ, ಜೈಲಲ್ಲಿರೋರನ್ನ ಹೋಗಿ ನೋಡೋದು, ಹಡಗು ಹತ್ತಿ ಅಮೆರಿಕಾದ ಜಾರ್ಜಿಯಾಗೆ ಸೇವೆಗೆ ಹೋಗಿದ್ದು, ಎಲ್ಲಾ ಆಗಿತ್ತು, ಎದೆ ಮಾತ್ರ ಬೆಚ್ಚಗಾಗಿರ್ಲಿಲ್ಲ.

ಕೂತಲ್ಲೇ ನನಗೆ ಮೇ 2ನೇ ತಾರೀಕು ನೆನಪಾಯ್ತು. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ. ಓರಗಿತ್ತಿ ಫೋನ್ ಮಾಡಿ "ಅಕ್ಕಾ, ಇವ್ನು ಮ್ಯಾತ್ಸಲ್ಲಿ ಹೋಗ್ಬಿಟ್ಟ" ಅಂತ ಅತ್ಲು. ನಾನು "ಅಳ್ಬೇಡ ಕಣೇ, ದೇವರು ದಾರಿ ತೋರಿಸ್ತಾನೆ" ಅಂದೆ, ಫೋನಲ್ಲೇ ಪ್ರಾರ್ಥನೆ ಮಾಡ್ದೆ, ಸಂಜೆ ಕೋಳಿ ಸಾರು ಮಾಡಿ ಡಬ್ಬೀಲಿ ಹಾಕ್ಕೊಂಡು ಹೋದೆ, ನಮ್ಮತ್ತೆ ಎಲ್ಲರ ಮುಂದೆ ಹೊಗಳಿದ್ರು. ಆದ್ರೆ ಆ ಮಾತು ಕಿವಿಗೆ ಬಿದ್ದ ಕ್ಷಣ, ಅವಳ ಅಳು ಶುರುವಾಗೋಕೆ ಮುಂಚೆ, ನನ್ನೊಳಗೆ ಏನೋ ತಂಪಾಯ್ತು. ಎರಡು ವರ್ಷದ ಹಿಂದೆ ನನ್ನ ಮಗಳ ಮಾರ್ಕ್ಸ್ ಕೇಳಿ ಅವಳು "ಇಷ್ಟೇನಾ" ಅಂದಿದ್ಲು, ಅದು ಹೋಗೇ ಇರ್ಲಿಲ್ಲ. ಒಂದು ಮಗು ಫೇಲಾಗಿದ್ದಕ್ಕೆ ತಂಪಾದ ಎದೇನ ಇಟ್ಕೊಂಡೇ ನಾನು ಚರ್ಚಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಕೊಡೋ ರೊಟ್ಟಿ ದ್ರಾಕ್ಷಾರಸ, ತಗೊಂಡಿದ್ದೀನಿ.

ಸಾರು ಕೊಟ್ಟಿದ್ದು ತಪ್ಪು ಅಂತಲ್ಲ, ಅವತ್ತು ಅವರ ಮನೇಲಿ ಒಲೆ ಹಚ್ಚಿರ್ಲಿಲ್ಲ. ಮಾಡ್ತಾ ಮಾಡ್ತಾ ಮನಸ್ಸೂ ಬರುತ್ತೆ ಅಂತ ನಮ್ಮಜ್ಜಿ ಹೇಳೋರು, ಪ್ರಾರ್ಥನೆ ವಿಷಯಕ್ಕೆ ಅದು ನಿಜ ಅಂತ ನಾನೇ ಕಂಡಿದ್ದೀನಿ. ಆದ್ರೆ ಇಲ್ಲಿ ಮೂರು ವಾರದಿಂದ ಸಿಹಿಯಾಗಿ ಮಾತಾಡ್ತಾನೇ ಇದ್ದೀನಿ, ಮನಸ್ಸು ಬಂದಿಲ್ಲ. ನಮ್ಮ ಬೈಬಲ್ಲಲ್ಲಿ ಪಾಪ ಬಿಟ್ಟು ದೇವರ ಕಡೆ ತಿರುಗೋದಕ್ಕೆ ಮಾನಸಾಂತರ ಅನ್ನೋ ಮಾತಿದೆಯಲ್ಲ, ಅದ್ರಲ್ಲಿ ಮನಸ್ಸಿದೆ, ನಾನು ಇಷ್ಟು ದಿನ ಬದಲಾಯಿಸ್ಕೊಂಡಿದ್ದು ಬರೀ ಮಾತು.

ಮಧ್ಯಾಹ್ನ ಮನೆಗೆ ಬಂದು ಬೈಬಲ್ಲಲ್ಲಿ ದಾವೀದ ರಾಜನ 51ನೇ ಕೀರ್ತನೆ ತೆಗೆದೆ. ದಾವೀದ ಮೊದಲು ನನ್ನನ್ನ ತೊಳಿ, ತೊಳಿ ಅಂತ ಕೇಳ್ತಾನೆ, 10ನೇ ವಚನಕ್ಕೆ ಬರೋ ಹೊತ್ತಿಗೆ ಅದೂ ಸಾಲದು ಅನ್ನೋ ಹಾಗೆ ಶುದ್ಧಹೃದಯ ನಿರ್ಮಿಸು ಅಂತಾನೆ. ಇಲ್ಲದೇ ಇರೋದನ್ನ ತಾನೇ ನಿರ್ಮಿಸೋದು. ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದೀನಿ ಈ ವಚನಾನ, ಅಲ್ಲಿ ಒಂದು ಸಲಾನೂ ನಿಂತಿರ್ಲಿಲ್ಲ.

ನಾಳೆಯಿಂದ ಓರಗಿತ್ತಿ ಮಗನಿಗೆ ಎರಡನೇ ಎಕ್ಸಾಮ್, ಫೇಲಾದೋರು ಮತ್ತೆ ಬರೆಯೋದು. ರಾತ್ರಿ ಮೊಣಕಾಲೂರಿ ಅವನ ಹೆಸರು ಹೇಳಿ ಪಾಸ್ ಮಾಡಪ್ಪಾ ಅಂದೆ, ಅದು ಸಲೀಸಾಗಿ ಬಂತು. ನನ್ನ ಮಗಳಿಗಿಂತ ಚೆನ್ನಾಗಿ ಓದ್ಲಿ, ಮುಂದೆ ಬರ್ಲಿ ಅಂತ ಹೇಳೋಕೆ ಹೋದೆ, ಗಂಟಲು ಕಟ್ಕೊಳ್ತು. ತುಂಬಾ ಹೊತ್ತು ಹಾಗೇ ಇದ್ದೆ, ಕಾಲು ಜೋಮು ಹಿಡೀತು. ಆಮೇಲೆ, ಇದನ್ನ ಆಸೆಪಡೋ ಮನಸ್ಸನ್ನ ನೀನೇ ಕೊಡು ತಂದೆ, ನನ್ನ ಹತ್ರ ಇಲ್ಲ ಅಂತ ಮಾತ್ರ ಹೇಳಿ ಎದ್ದೆ.