ಸುವಾನ್‌ನಿಂದ ಗ್ಯೊಂಗ್‌ಜುವರೆಗೆ, ಜಾಂಗ್ ಸುಲ್ಗಿಯ ಜಾಡಿನಲ್ಲಿ

ನಾನು ಸುವಾನ್‌ಗೆ ಬಂದಿಳಿದ ದಿನವೇ ತಂಗಿಯ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಅವಳಿಗೆ ಹನ್ನೊಂದು ವರ್ಷ. ಅಪ್ಪನ ಕೆಲಸದಿಂದಾಗಿ ಕೊರಿಯಾದಲ್ಲೇ ಬೆಳೆಯುತ್ತಿದ್ದಾಳೆ. ಫುಟ್‌ಬಾಲ್ ಅಂದ್ರೆ ಪ್ರಾಣ.

"ನನ್ನನ್ನ ಹಿಂದೆ ನಿಲ್ಲಿಸಿಬಿಟ್ರು ದೊಡ್ಡಮ್ಮ. ಡಿಫೆಂಡರ್ ಅಂತೆ. ನಂಗೆ ಗೋಲ್ ಹೊಡೀಬೇಕು."

ಅದು 2025ರ ಜುಲೈ. ಪೂರ್ವ ಏಷ್ಯಾದ ತಂಡಗಳ ಟೂರ್ನಿ ಆ ಸಲ ಕೊರಿಯಾದಲ್ಲೇ ನಡೀತಿತ್ತು. ಮಹಿಳೆಯರ ಕೊನೆಯ ಪಂದ್ಯ 16ನೇ ತಾರೀಕು, ಸುವಾನ್ ವರ್ಲ್ಡ್ ಕಪ್ ಸ್ಟೇಡಿಯಂನಲ್ಲಿ. "ಬಾ, ಹಿಂದೆ ನಿಂತು ಆಡೋರೊಬ್ಬರನ್ನ ತೋರಿಸ್ತೀನಿ" ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಕೊರಿಯಾ ಮಹಿಳಾ ತಂಡದ ಡಿಫೆಂಡರ್ ಜಾಂಗ್ ಸುಲ್ಗಿ. ಎಷ್ಟೋ ವರ್ಷದಿಂದ ಅವರ ಆಟ ಹುಡುಕಿ ಹುಡುಕಿ ನೋಡುತ್ತಾ ಬಂದವಳು ನಾನು. ಸುಲ್ಗಿ ಅಂದರೆ ಕೊರಿಯನ್ನಿನಲ್ಲಿ ಜಾಣ್ಮೆ ಎಂದು ಅರ್ಥ.

ಬೆಳಿಗ್ಗೆ ಹ್ವಾಸೊಂಗ್ ಕೋಟೆಯ ಗೋಡೆಯ ಮೇಲೆ ಸ್ವಲ್ಪ ದೂರ ನಡೆದೆವು. 1796ರಲ್ಲಿ ಕಟ್ಟಿ ಮುಗಿಸಿದ ಕೋಟೆ. ಚೆನ್ನಾಗಿದೆ. ಆದರೆ ಇಬ್ಬರ ಮನಸ್ಸೂ ಸಂಜೆಯ ಮೇಲೇ ಇತ್ತು.

ಅಷ್ಟರಲ್ಲಿ ಲೆಕ್ಕ ತುಂಬಾ ಬಿಗಿಯಾಗಿಬಿಟ್ಟಿತ್ತು. ಕೊರಿಯಾ ಚೀನಾ ಜೊತೆ 2-2, ಜಪಾನ್ ಜೊತೆ 1-1 ಡ್ರಾ ಮಾಡಿಕೊಂಡಿತ್ತು. ಅವತ್ತು ಜಪಾನ್ ಮತ್ತು ಚೀನಾ ಗೋಲಿಲ್ಲದೆ ಮುಗಿಸಿದವು. ಈಗ ಕೊರಿಯಾ ತೈವಾನನ್ನು ಸೋಲಿಸಿದರೆ ಮೂರೂ ತಂಡಕ್ಕೆ ಐದೈದು ಪಾಯಿಂಟ್. ಮೂವರ ನಡುವಿನ ಪಂದ್ಯಗಳೆಲ್ಲ ಡ್ರಾ ಆಗಿದ್ದರಿಂದ, ಆ ಪಂದ್ಯಗಳಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಕಪ್. ಕೊರಿಯಾದ್ದು ಮೂರು ಗೋಲು. ಅದರಲ್ಲಿ ಒಂದು, ಚೀನಾ ವಿರುದ್ಧದ್ದು, ಸುಲ್ಗಿಯವರದ್ದೇ.

ಕುರ್ಚಿಗಳು ಬಹಳಷ್ಟು ಖಾಲಿ ಇದ್ದವು. ನಲವತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಯುವ ಸ್ಟೇಡಿಯಂ ಅದು. ಖಾಲಿ ಸಾಲುಗಳನ್ನು ನೋಡಿ ಬೇಜಾರಾಯಿತು. ಇಷ್ಟು ದೊಡ್ಡ ರಾತ್ರಿಗೆ ಇಷ್ಟೇ ಜನವಾ ಅಂತ. ಮಗುವಿಗೆ ಒಂದು ಮಾತು ಹೇಳಿದೆ: "ಚೆಂಡನ್ನ ನೋಡಬೇಡ. ಬರೀ ಅವರನ್ನ ನೋಡು."

ಮೊದಲರ್ಧ ಗೋಲಿಲ್ಲ. 70ನೇ ನಿಮಿಷದಲ್ಲಿ ಜಿ ಸೊ-ಯುನ್ ಪೆನಾಲ್ಟಿ ಹೊಡೆದು 1-0 ಮಾಡಿದರು. ಉಸಿರು ಬಂತು. 85ನೇ ನಿಮಿಷದಲ್ಲಿ ಎರಡನೇ ಗೋಲು. ಹೊಡೆದದ್ದು ಜಾಂಗ್ ಸುಲ್ಗಿ! ನನ್ನ ಪಕ್ಕದ ಅಜ್ಜಿ ನನ್ನ ಕೈ ಹಿಡಿದು ಕುಣಿದರು. ಭಾಷೆ ಬೇಕಾಗಲಿಲ್ಲ. 2005ರ ನಂತರ, ಇಪ್ಪತ್ತು ವರ್ಷಕ್ಕೆ, ಕೊರಿಯಾದ ಮಹಿಳೆಯರಿಗೆ ಈ ಕಪ್. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಸುಲ್ಗಿಯವರಿಗೇ ಬಂತು.

ಮನೆಗೆ ಹೋಗುವಾಗ ಮಗು ಲೆಕ್ಕ ಹಾಕಿತು. "2005ರಲ್ಲಿ ಅವರಿಗೂ ಹನ್ನೊಂದು ವರ್ಷ, ಅಲ್ವಾ ದೊಡ್ಡಮ್ಮ?"

ಹೌದು. ಅವರು ಹುಟ್ಟಿದ್ದು 1994ರಲ್ಲಿ.

ಮಾರನೇ ದಿನ ಗ್ಯೊಂಗ್‌ಜುಗೆ ಹೊರಟೆವು. 2024ರಿಂದ ಸುಲ್ಗಿ ಆಡುವುದು ಆ ಊರಿನ ತಂಡಕ್ಕೆ. ಸಿಯೋಲ್ ಸ್ಟೇಷನ್ನಿನಿಂದ ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಎರಡು ಗಂಟೆ. ಕಿಟಕಿಯಾಚೆ ಭತ್ತದ ಗದ್ದೆಗಳು ಓಡುತ್ತಿದ್ದವು. ಮಗು ಕಥೆ ಕೇಳಿತು, ನಾನು ಹೇಳುತ್ತಾ ಹೋದೆ.

2010, ಟ್ರಿನಿಡಾಡ್. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್. ಎದುರಾಳಿ ಜಪಾನ್. ಪಂದ್ಯ 3-3. ಪೆನಾಲ್ಟಿಯಲ್ಲಿ ಕೊನೆಯ ಒದೆತ ಹದಿನಾರರ ಸುಲ್ಗಿಯದ್ದು. ಒಳಗೆ ಹೋಯಿತು. ಫೀಫಾದ ಯಾವುದೇ ಟೂರ್ನಿಯಲ್ಲಿ ಕೊರಿಯಾಗೆ ಸಿಕ್ಕ ಮೊದಲ ಕಪ್ ಅದು, ಗಂಡಸರದ್ದೂ ಸೇರಿಸಿ. ಆಗ ಅವರು ಮುಂದೆ ನಿಂತು ಗೋಲು ಹೊಡೆಯುವ ಹುಡುಗಿ. ಹಿಂದಕ್ಕೆ ಬಂದದ್ದು ಆಮೇಲೆ.

"ಅವರೂ ಅತ್ರಾ?" ಅಂತ ಕೇಳಿತು ಮಗು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಮುಂದಿನ ಕಥೆ ಹೇಳಿದೆ.

ಜಪಾನಿನ ಕೋಬೆಯಲ್ಲಿ ಒಂದು ವರ್ಷ. ಆಮೇಲೆ ಹುಟ್ಟೂರು ಇಂಚಿಯಾನ್‌ನ ಹ್ಯುಂಡೈ ಸ್ಟೀಲ್ ತಂಡ. 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಲೀಗ್ ಗೆದ್ದ ತಂಡ ಅದು. 2020ರ ಶುರುವಿನಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಹೋದರು. ಅಷ್ಟರಲ್ಲಿ ಕೊರೊನಾ ಬಂತು, ಆಟವೇ ನಿಂತಿತು. ಅದೇ ವರ್ಷ ಇಂಚಿಯಾನ್‌ಗೆ ವಾಪಸ್.

ನನಗೆ ಮರೆಯಲಾಗದ್ದು 2017ರ ಏಪ್ರಿಲ್. ಏಷ್ಯಾ ಕಪ್‌ನ ಅರ್ಹತಾ ಪಂದ್ಯಗಳು ಪ್ಯೊಂಗ್ಯಾಂಗ್‌ನಲ್ಲಿ. ಉತ್ತರ ಕೊರಿಯಾ, ದಕ್ಷಿಣ ಕೊರಿಯಾ ಒಂದೇ ಗುಂಪಿನಲ್ಲಿ. ಅದೇ ಗುಂಪಿನಲ್ಲಿ ನಮ್ಮ ಭಾರತ ಕೂಡ. ನಮ್ಮ ಹುಡುಗಿಯರು ಉತ್ತರದ ಎದುರು 8-0, ದಕ್ಷಿಣದ ಎದುರು 10-0 ಸೋತರು. ಆಮೇಲೆ ಅವರವರ ಪಂದ್ಯ. ಸ್ಟೇಡಿಯಂ ತುಂಬಾ ಉತ್ತರದವರೇ. ದಕ್ಷಿಣ ಒಂದು ಗೋಲು ಹಿಂದೆ. 76ನೇ ನಿಮಿಷದಲ್ಲಿ ಸುಲ್ಗಿ ಗೋಲು ಹೊಡೆದು 1-1 ಮಾಡಿದರು. ಕೊನೆಗೆ ಎರಡೂ ತಂಡದ ಪಾಯಿಂಟ್ ಸಮ. ಗೋಲುಗಳ ಅಂತರದಲ್ಲಿ ದಕ್ಷಿಣ ಮುಂದೆ ಹೋಯಿತು, ಉತ್ತರ ಮನೆಯಲ್ಲೇ ಉಳಿಯಿತು. ಆ ಅಂತರ ಬರೀ ಮೂರು ಗೋಲು. ನಮ್ಮ ಹುಡುಗಿಯರು ನೀರಿಳಿಸಿಕೊಂಡು ಓಡಿದ ಆ ಎರಡು ಪಂದ್ಯಗಳೂ ಆ ಲೆಕ್ಕದಲ್ಲಿವೆ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮುಂದಿನ ವರ್ಷ ಜೋರ್ಡಾನ್‌ನಲ್ಲಿ ನಡೆದ ಆ ಏಷ್ಯಾ ಕಪ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 5-0 ಗೆದ್ದು ಕೊರಿಯಾ 2019ರ ವಿಶ್ವಕಪ್‌ಗೆ ಹೋಯಿತು. ಅವತ್ತು ಮೊದಲ ಗೋಲೂ ಸುಲ್ಗಿಯವರದ್ದೇ.

ಗ್ಯೊಂಗ್‌ಜು ಹಳೇ ಸಿಲ್ಲಾ ರಾಜ್ಯದ ರಾಜಧಾನಿ. ಊರಿನ ಮಧ್ಯದಲ್ಲೇ ರಾಜರ ಸಮಾಧಿಗಳು, ಹಸಿರು ಹುಲ್ಲಿನ ದೊಡ್ಡ ದೊಡ್ಡ ದಿಬ್ಬ. ನಮ್ಮ ಕಡೆ ಕಣದಲ್ಲಿ ರಾಶಿ ಹಾಕಿದ ಹಾಗೆ. ಅದರ ಹತ್ತಿರ ಹ್ವಾಂಗ್ನಮ್ ಬ್ರೆಡ್ ಬಿಸಿಬಿಸಿ ಕೊಂಡೆವು. 1939ರಿಂದ ಇಲ್ಲಿ ಮಾಡುತ್ತಾರಂತೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮೇಲಿನ ಹಿಟ್ಟು ಹೋಳಿಗೆ ಕಣಕದಷ್ಟೇ ತೆಳು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ ಗಟ್ಟಿಯಾಗಿ ತುಂಬಿದೆ. ಮುರಿದರೆ ಹಬೆ. ಮಗು ನಾಲ್ಕು ತಿಂದಿತು.

ಸುಲ್ಗಿಯವರ ಈಗಿನ ತಂಡ ಕೊರಿಯಾದ ಜಲ ಮತ್ತು ಅಣು ವಿದ್ಯುತ್ ಕಂಪನಿಯದ್ದು. ಕಂಪನಿಯ ಮುಖ್ಯ ಕಚೇರಿ ಈ ಊರಿನಲ್ಲೇ ಇದೆ. 2017ರಲ್ಲಿ ಹುಟ್ಟಿದ ತಂಡ. ಬೆಂಗಳೂರಿನವರಿಗೆ ಇದು ಹೊಸದಲ್ಲ. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದವರಿಗೆ, ಕಾರ್ಖಾನೆಯ ಹೆಸರನ್ನು ಎದೆಯ ಮೇಲೆ ಹೊತ್ತು ಆಡುವುದು ಅಂದರೇನು ಅಂತ ಗೊತ್ತು.

ಅವತ್ತು ಪಂದ್ಯ ಇರಲಿಲ್ಲ. ಅದು ಗೊತ್ತಿದ್ದೇ ಹೋಗಿದ್ದೆವು. ಊರಿನ ಫುಟ್‌ಬಾಲ್ ಪಾರ್ಕ್‌ನ ಬೇಲಿಯ ಪಕ್ಕ ನಿಂತು ಖಾಲಿ ಮೈದಾನ ನೋಡಿದೆವು. ಬಿಸಿಲು ಇಳಿಯುತ್ತಿತ್ತು. ಎಡಬದಿಯ ಬಿಳಿ ಗೆರೆಯನ್ನು ಮಗು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆಯಿತು.

"ದೊಡ್ಡಮ್ಮ, ನಿನ್ನೆ ಗೋಲ್ ಹೊಡೆದ ಮೇಲೂ ಅವರು ವಾಪಸ್ ಹಿಂದೆ ಓಡಿ ಬಂದ್ರು, ನೋಡಿದ್ರಾ?"

ನಾನು ನೋಡಿರಲಿಲ್ಲ. ಆ ಹೊತ್ತಿಗೆ ಅಜ್ಜಿಯ ಜೊತೆ ಕುಣಿಯುತ್ತಿದ್ದೆ.

ಮಗು ಬೇಲಿಯ ಈಚೆಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಕಾಲುದಾರಿಯ ಉದ್ದಕ್ಕೂ ಓಡಿತು. ಆ ತುದಿ ಮುಟ್ಟಿತು. ತಿರುಗಿ ಓಡಿ ಬಂತು. ಮತ್ತೆ ಹೊರಟಿತು. ನಾನು ಉಳಿದ ಬ್ರೆಡ್‌ನ ಪೊಟ್ಟಣ ಹಿಡಿದು, ಚಪ್ಪಲಿ ಕಾಯುತ್ತಾ ನಿಂತೆ.