ಮೀನಿಗೂ ಪ್ರಾಣಿಯ ಕಲಂ ಹಚ್ಚಬಹುದೇ?

ನಮ್ಮ ಕಚೇರಿಗೆ ಬರುವ ಕಿರಿಯ ವಕೀಲರಿಗೆ ಒಂದು ಚಟ: ಕಡತ ಕೈಗೆ ಬಂದೊಡನೆ ಶಿಕ್ಷೆ ಎಷ್ಟು ವರ್ಷ ಎಂದು ಹುಡುಕುತ್ತಾರೆ. ಮೊದಲು ಎರಡನೆಯ ಕಲಂ ಓದಿ ಬನ್ನಿ ಎಂದು ನಾನು ವಾಪಸು ಕಳಿಸುತ್ತೇನೆ. ಪದಗಳ ಅರ್ಥ ಹೆಚ್ಚಾಗಿ ಅಲ್ಲೇ ಇರುತ್ತದೆ. ‘ಅನಿಮಲ್’ ಎಂಬ ಪದವಂತೂ ಕಾಯ್ದೆಯಿಂದ ಕಾಯ್ದೆಗೆ ಹಿಗ್ಗುತ್ತದೆ, ಕುಗ್ಗುತ್ತದೆ.

ಕೆರೆ ಗುತ್ತಿಗೆ ಹಿಡಿದು ಕಾಟ್ಲಾ ಬೆಳೆಸಿದ್ದ ಕಕ್ಷಿದಾರರೊಬ್ಬರು, ಯಾರೋ ವಿಷ ಹಾಕಿದ್ದಾರೆಂದು ಬಂದರು. “ಮೀನಿಗೆ ಯಾವ ಕಲಂ ಹಚ್ಚುತ್ತಾರೆ ಸ್ವಾಮಿ?” ಎಂಬುದು ಅವರ ಸಂಕಟ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಬದುಕಿರುವ ಯಾವ ಜೀವಿಯೂ ಅನಿಮಲ್. ಹಾಗಾಗಿ ಪ್ರಾಣಿಯನ್ನು ಕೊಲ್ಲುವುದಕ್ಕೆ, ಊನ ಮಾಡುವುದಕ್ಕೆ ಇರುವ 325ನೇ ಕಲಂ ಅನ್ವಯಿಸುತ್ತದೆ, ಐದು ವರ್ಷದವರೆಗೆ ಸಜೆಗೆ ಅವಕಾಶವಿದೆ. 1860ರ ದಂಡ ಸಂಹಿತೆಯಲ್ಲೂ ಅರ್ಥ ಇದೇ, ಆದರೆ ಅಲ್ಲಿ ಬೆಲೆಯ ತೊಡಕಿತ್ತು. ಆನೆ, ಒಂಟೆ, ಹಸು, ಎಮ್ಮೆಯಂಥ ಕೆಲವಕ್ಕೆ ಬೆಲೆ ಕೇಳುತ್ತಿರಲಿಲ್ಲ. ಉಳಿದವು ಕನಿಷ್ಠ ಹತ್ತು ರೂಪಾಯಿ ಬಾಳಬೇಕು, ಐವತ್ತು ಬಾಳಿದರೆ ಶಿಕ್ಷೆ ಹೆಚ್ಚು. ಬೀದಿ ನಾಯಿಗೆ ಯಾವ ಸಂತೆಯ ದರ ಹೇಳುವುದು? 2024ರ ಜುಲೈ 1ರಿಂದ ಆ ಲೆಕ್ಕ ಹೋಯಿತು. ನನಗಂತೂ ಹೊಸ ಸಂಹಿತೆಯಲ್ಲಿ ಮೆಚ್ಚಿಗೆಯಾದ ಕೆಲವೇ ಬದಲಾವಣೆಗಳಲ್ಲಿ ಇದೊಂದು.

1972ರ ವನ್ಯಜೀವಿ ಕಾಯ್ದೆಯ ಮೂಲ ಅರ್ಥದಲ್ಲಿ ಸಸ್ತನಿ, ಹಕ್ಕಿ, ಸರೀಸೃಪ, ಉಭಯಚರಗಳಷ್ಟೇ ಇದ್ದವು. ಮೀನು ಮತ್ತು ಬೆನ್ನೆಲುಬಿಲ್ಲದವು ಸೇರಿದ್ದು 2002ರ ತಿದ್ದುಪಡಿಯಿಂದ. ಇಲ್ಲೇ ಜೂನಿಯರ್‌ಗಳು ಎಡವುವುದು. ಅದೇ ಕಾಯ್ದೆಯಲ್ಲಿ ‘ವೈಲ್ಡ್ ಅನಿಮಲ್’ ಬೇರೆ ಪದ. ಅದಕ್ಕೆ ಅನುಸೂಚಿಯಲ್ಲಿ, ಅಂದರೆ ಕಾಯ್ದೆಗೆ ಲಗತ್ತಿಸಿದ ಪಟ್ಟಿಯಲ್ಲಿ, ಹೆಸರಿರಬೇಕು. ನಮ್ಮ ಕಾಟ್ಲಾ ಅಲ್ಲಿ ಅನಿಮಲ್ ಹೌದು, ವೈಲ್ಡ್ ಅನಿಮಲ್ ಅಲ್ಲ. ಆದ್ದರಿಂದ ಅರಣ್ಯ ಇಲಾಖೆಗೆ ದೂರು ಬರೆಯಲು ಹೊರಟಿದ್ದವರನ್ನು ಪೊಲೀಸ್ ಠಾಣೆಗೆ ಕಳಿಸಿದೆ.

ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯದು ಇನ್ನೂ ಇಕ್ಕಟ್ಟಾದ ಬೇಲಿ. ದನ, ಕರು, ಎತ್ತು, ಗೂಳಿ ಯಾವ ವಯಸ್ಸಿನವಾದರೂ ಒಳಗೆ. ಎಮ್ಮೆ, ಕೋಣ ಹದಿಮೂರು ತುಂಬುವವರೆಗೆ ಮಾತ್ರ. ಕುರಿ, ಮೇಕೆ ಇಲ್ಲವೇ ಇಲ್ಲ. ಎಮ್ಮೆಯ ಪ್ರಕರಣ ಬಂದರೆ ನಾನು ಮೊದಲು ಕೇಳುವುದು ಪಶುವೈದ್ಯರು ವಯಸ್ಸಿನ ಬಗ್ಗೆ ಏನು ಬರೆದಿದ್ದಾರೆಂದು.

ಅತಿ ವಿಶಾಲ ಅರ್ಥವುಳ್ಳ ಕಾಯ್ದೆಗಳಲ್ಲೊಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಮನುಷ್ಯನ ಹೊರತು ಎಲ್ಲ ಜೀವಿಗಳೂ ಅದರ ನೆರಳಲ್ಲಿವೆ. ಅದರ 11ನೇ ಕಲಮಿನಡಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆರೋಪಿಗಳು ನ್ಯಾಯಾಲಯಕ್ಕೆ ಬಂದುಹೋಗುವ ಬಸ್ ಖರ್ಚು ಅದಕ್ಕಿಂತ ಹೆಚ್ಚು.